ಕೌದಿಗೆ ಹೋಳಿಗೆ ಊಟ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದೆ ನೀವೇ ಹೇಳುತ್ತೀರಿ. ಗೋಕಾಕದಲ್ಲಿ ಒಂದು ಕಿರಾಣಿ ಅಂಗಡಿಯ ಮೇಲಿನ ಖೋಲಿಯಲ್ಲಿ ಇಪ್ಪತ್ತೈದು ವರ್ಷ ಹೊಲಿಗೆ ಕ್ಲಾಸು ನಡೆಸಿದವಳು ನಾನು. ಕೊರಳಲ್ಲಿ ಟೇಪು, ಕೈಯಲ್ಲಿ ಕಟ್ಟಿಗೆಯ ಸ್ಕೇಲು. ಕಾಲಿಂಚು ಸೊಟ್ಟ ಹೊಲಿದ ಕುಬುಸವನ್ನು ನಾನೇ ಬಿಚ್ಚಿ, ಹೊಲಿದವಳ ಕೈಗೇ ಕೊಟ್ಟು "ಮತ್ತ ಹೊಲಿ" ಅನ್ನುತ್ತಿದ್ದೆ. ಅತ್ತವರೂ ಇದ್ದಾರೆ. ಅತ್ತವರೇ ಈಗ ಸ್ವಂತ ಅಂಗಡಿ ಹಾಕಿಕೊಂಡು, ಹಬ್ಬಕ್ಕೆ ನನ್ನ ಕುಬುಸವನ್ನು ಪುಕ್ಕಟೆ ಹೊಲಿದುಕೊಡುತ್ತಾರೆ. ಹಾಗಾಗಿ ನನ್ನ ಸಿಟ್ಟಿನ ಬಗ್ಗೆ ನನಗೇನೂ ನಾಚಿಕೆಯಿಲ್ಲ.

ಆ ಸ್ಕೇಲಿಗೆ ಒಂದಿಷ್ಟೂ ಹೆದರದವರು ಒಬ್ಬರೇ ಒಬ್ಬರು, ನಮ್ಮ ಅತ್ತೆ. ತುಕ್ಕಾನಟ್ಟಿಯವರು. ವಾರದಲ್ಲಿ ನಾಲ್ಕು ದಿನ ಊರಿನ ಮನೆಯಲ್ಲಿ, ಮೂರು ದಿನ ಗೋಕಾಕದಲ್ಲಿ ನಮ್ಮೊಂದಿಗೆ. ಎಲ್ಲಿದ್ದರೂ ಬೆಳಿಗ್ಗೆ ಲಿಂಗಪೂಜೆ, ಆಮೇಲೆ ಚಹಾ, ಆಮೇಲೆ ಕೌದಿ. ಹಳೆಯ ಸೀರೆ, ಧೋತರ, ಕುಬುಸದ ತುಂಡುಗಳನ್ನು ಒಂದರ ಮೇಲೊಂದು ಹಾಸಿ, ನೆಲದ ಮೇಲೆ ಕಾಲು ಚಾಚಿ ಕೂತು ಹೊಲಿಯಲು ಶುರುಮಾಡಿದರೆಂದರೆ ಬಸ್ಸು ತಪ್ಪಲಿ, ಹಾಲು ಉಕ್ಕಲಿ, ಅವರಿಗೆ ಸಂಬಂಧವಿಲ್ಲ. ಸ್ಕೇಲಿಲ್ಲ, ಸೀಮೆಸುಣ್ಣವಿಲ್ಲ, ಅಳತೆಯಿಲ್ಲ. "ಅಳತಿ ಕಣ್ಣಾಗ ಇರಬೇಕು, ಕೊರಳಾಗ ಅಲ್ಲ" ಎಂದು ನನ್ನ ಟೇಪಿನ ಕಡೆ ಕೈ ಮಾಡಿ ಅನ್ನುತ್ತಿದ್ದರು. ನಾನು ತಿರುಗಿಸಿ ಒಂದು ಅನ್ನುತ್ತಿದ್ದೆ. ನಮ್ಮ ಯಜಮಾನರು ಎದ್ದು ಹೊರಗೆ ಹೋಗುತ್ತಿದ್ದರು.

ಅತ್ತೆಯ ಬಾಯಲ್ಲಿ ನನಗೊಂದು ಬಿರುದೂ ಇತ್ತು. ಅದರ ಕಥೆ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ನನ್ನ ತವರು ಹುಕ್ಕೇರಿ. ಮದುವೆಯಾಗಿ ತುಕ್ಕಾನಟ್ಟಿಗೆ ಬರುವ ದಿನ, ದಾರಿಯಲ್ಲಿ ಘಟಪ್ರಭಾದ ಒಂದು ಹೋಟೆಲಿನ ಮುಂದೆ ನಮ್ಮ ಗಾಡಿ ನಿಂತಿತು. ಬೆಳಿಗ್ಗೆಯಿಂದ ಹಸಿದಿದ್ದೆ. ನಮ್ಮ ಚಿಕ್ಕಮ್ಮ ತಂದುಕೊಟ್ಟ ಮಿರ್ಚಿ ಭಜಿಯನ್ನು ಒಂದಲ್ಲ, ಎರಡಲ್ಲ, ಐದು ತಿಂದೆ. ಗಂಡನ ಮನೆಯ ಹೊಸ್ತಿಲು ದಾಟಿದ ಕೂಡಲೇ ಅತ್ತೆ ತಾಟು ಹಿಡಿದುಕೊಂಡು ಬಂದರು. ಹೊಸ ಸೊಸೆಗೆ ಮೊದಲ ತುತ್ತು ಅತ್ತೆಯ ಕೈಯಿಂದಲೇ ಆಗಬೇಕು, ಅದು ಆ ಮನೆಯ ಪದ್ಧತಿ. ತುಪ್ಪ ಸುರಿಸಿದ ಹೋಳಿಗೆಯ ತುತ್ತನ್ನು ಬಾಯಿಯ ಹತ್ತಿರ ತಂದರೆ ನಾನು ಮುಖ ತಿರುಗಿಸಿ, "ಒಲ್ಲೆ, ಹೊಟ್ಟಿ ತುಂಬೇತಿ" ಅಂದುಬಿಟ್ಟೆ. ಅತ್ತೆ ಆ ತುತ್ತನ್ನು ಹಾಗೇ ತಾಟಿಗೆ ಇಟ್ಟರು. ಅಂದಿನಿಂದ ನಾನು "ಹೊಟ್ಟಿ ತುಂಬಿಸಿಕೊಂಡು ಬಂದ ಸೊಸಿ". ಮೂವತ್ತು ವರ್ಷ. ಪಲ್ಯಕ್ಕೆ ಉಪ್ಪು ಹೆಚ್ಚಾದರೂ ಅದೇ ಮಾತು, ಮಳೆ ಬರದಿದ್ದರೂ ಅದೇ ಮಾತು.

ಇಂಥ ಇಬ್ಬರು ಒಂದು ದಿನ ಹುಕ್ಕೇರಿಯಲ್ಲಿ ನಡೆದ ಸಭೆಗೆ ಹೋದೆವು. ನಮ್ಮ ಭಾಗದ ಸಾಂಪ್ರದಾಯಿಕ ಕರಕುಶಲಗಳಿಗೆ ಪ್ರೋತ್ಸಾಹ, ಅದರಿಂದ ಊರುಗಳ ಅಭಿವೃದ್ಧಿ ಎಂದು ದೊಡ್ಡ ಬ್ಯಾನರು ಕಟ್ಟಿದ್ದರು. ಹೊಲಿಗೆ ಕಲಿಸುವವಳೆಂದು ನನಗೆ ಕರೆ ಬಂದಿತ್ತು. "ನಿನ್ನ ತವರೂರು ನೋಡಿ ಭಾಳ ದಿನ ಆತು" ಎಂದು ಅತ್ತೆಯೂ ಹೊರಟರು. ಪ್ಲಾಸ್ಟಿಕ್ ಕುರ್ಚಿ ಅವರಿಗೆ ಆಗುವುದಿಲ್ಲ, ಅದಕ್ಕೆ ಬಗಲಲ್ಲಿ ಒಂದು ಕೌದಿ. ಅದನ್ನು ನಾಲ್ಕು ಮಡಿಕೆ ಮಾಡಿ ಕುರ್ಚಿಯ ಮೇಲೆ ಹಾಕಿ, ಅದರ ಮೇಲೆ ಕೂತರು. ಮಾನ ಹೋದಂತಾಗಿ ನಾನು ಆಚೆ ಮುಖ ಮಾಡಿದೆ.

ಭಾಷಣವೋ ಭಾಷಣ. ಗೋಕಾಕದ ಬಣ್ಣದ ಕಟ್ಟಿಗೆಯ ಹಣ್ಣು, ಕಂಬಳಿ, ಮಣ್ಣಿನ ಗಡಿಗೆ ಎಲ್ಲದರ ಹೆಸರೂ ಬಂತು. ಒಬ್ಬರು ಮೈಕಿನಲ್ಲಿ, ಕೌದಿ ಹೊಲಿಯುವ ಕೈಗಳು ಇಂದು ಎಲ್ಲೂ ಉಳಿದಿಲ್ಲ ಎಂದು ಗದ್ಗದ ಕಂಠದಿಂದ ಹೇಳಿದರು. ಅತ್ತೆ ಎದ್ದೇ ನಿಂತರು. "ಯಾರ್ರಿ ಹೇಳಿದ್ದು ನಿಮಗ? ನಾ ಇಲ್ಲೆ ಕುಂತೇನಲ್ಲ! ತುಕ್ಕಾನಟ್ಟಿಗಿ ಬರ್ರಿ, ನಮ್ಮ ಓಣ್ಯಾಗ ಹನ್ನೆರಡ ಮಂದಿ ಅದೇವಿ!" ಸಭೆಯೆಲ್ಲ ನಕ್ಕಿತು. ನನಗೆ ನೆಲ ಬಿರಿದು ಒಳಗೆ ಹೋದರೆ ಸಾಕಾಗಿತ್ತು.

ಆದರೆ ಹಿಂದಿನ ಸಾಲಿನಲ್ಲಿ ಒಬ್ಬ ಹೆಣ್ಣುಮಗಳು ನಕ್ಕಿರಲಿಲ್ಲ. ದೊಡ್ಡ ಊರುಗಳ ಕರಕುಶಲ ಮಳಿಗೆಗಳಿಗೆ ಸಾಮಾನು ಆರಿಸಿ ಕೊಂಡೊಯ್ಯುವವರು, ಮೈಸೂರು ಕಡೆಯ ಮಾತು. ಅವರ ಕಣ್ಣು ಅತ್ತೆಯ ಕುರ್ಚಿಯ ಮೇಲಿತ್ತು. ಸಭೆ ಮುಗಿದದ್ದೇ ತಡ, ಬಂದು ಕೌದಿಯನ್ನು ಬಿಡಿಸಿ, ತಿರುವಿ, ಹೊಲಿಗೆಯ ಮೇಲೆ ಬೆರಳಾಡಿಸಿ, "ಅಮ್ಮಾ, ಇಂಥವು ಹನ್ನೆರಡು ಬೇಕು. ಎರಡು ತಿಂಗಳಲ್ಲಿ ಆಗುತ್ತಾ?" ಎಂದು ಕೇಳಿದರು. ಮೊದಲ ಹನ್ನೆರಡು ಸರಿಬಂದರೆ ತಿಂಗಳಿಗೆ ಹನ್ನೆರಡರಂತೆ ತೆಗೆದುಕೊಳ್ಳುತ್ತಾರಂತೆ. ಸರಿಬರದಿದ್ದರೆ ಅಲ್ಲಿಗೇ ಮುಗಿಯಿತು. ಹಾಗೆಂದು ನಿಯಮಗಳ ಕಾಗದವೊಂದನ್ನು ಕೊಟ್ಟರು, ಅತ್ತೆಗಲ್ಲ, ನನಗೆ. ಹೊಲಿಗೆ ಕ್ಲಾಸಿನ ಅಕ್ಕೋರ ಮೇಲೆ ಅವರಿಗೆ ಭರವಸೆ.

ತುಕ್ಕಾನಟ್ಟಿಯ ಓಣಿಯಲ್ಲಿ ಅಂದು ಸಂಜೆ ಆದ ಗದ್ದಲವನ್ನು ಏನು ಹೇಳಲಿ! ಎಲ್ಲರಿಗಿಂತ ಹೆಚ್ಚು ಹಿಗ್ಗಿದವಳು ಅತ್ತೆಯ ಬಾಜೂ ಮನೆಯಾಕೆ. ವಯಸ್ಸು ಐವತ್ತರ ಹತ್ತಿರ. ಕಬ್ಬು, ಅರಿಶಿನದ ಹೊಲಗಳಲ್ಲಿ ಬಗ್ಗಿ ಬಗ್ಗಿ ಎರಡೂ ಮೊಣಕಾಲು ಹೋಗಿದ್ದವು. ಒಂದು ವರ್ಷದಿಂದ ಕೆಲಸಕ್ಕೆ ಹೋಗುವುದು ನಿಂತಿತ್ತು. ಮನೆಯಲ್ಲಿ ಯಾರೂ ಏನೂ ಅನ್ನುತ್ತಿರಲಿಲ್ಲ, ಮಕ್ಕಳು ಒಳ್ಳೆಯವರು. ಆದರೂ ಆಕೆ ನನ್ನ ಕೈ ಹಿಡಿದು, "ಅಕ್ಕೋರ, ಸುಮ್ಮ ಕುಂತು ಉಣ್ಣೂದು ನನಗ ಒಗ್ಗವಲ್ಲದ್ರಿ. ತುತ್ತು ಗಂಟಲಾಗ ಇಳಿಯೂದಿಲ್ಲ. ಕುಂತು ಮಾಡೂ ಕೆಲಸ ಅಂದ್ರ ಇದೊಂದ ಐತಿ. ಇದೊಂದು ಖಾಯಂ ಆಗೂ ಹಂಗ ಮಾಡ್ರಿ" ಅಂದಳು. ಮಾಡುತ್ತೇನೆ ಎಂದು ಮಾತು ಕೊಟ್ಟೆ. ಆ ಮಾತು ಕೊಟ್ಟ ಮೇಲೆ ನಿಯಮದ ಕಾಗದ ನನಗೆ ವಚನವಿದ್ದಂತೆ ಆಯಿತು. ಬಾಯಿಪಾಠ ಮಾಡಿಕೊಂಡೆ.

ಆ ಎರಡು ತಿಂಗಳು ನನ್ನ ಜೀವನದಲ್ಲಿ ನಾನು ಅತಿ ಹೆಚ್ಚು ನಕ್ಕ ದಿನಗಳು. ಊರಿನ ಸಮುದಾಯ ಭವನದಲ್ಲಿ ಹನ್ನೊಂದು ಮಂದಿ ಗುಂಡಗೆ ಕೂರುವುದು, ಮಧ್ಯದಲ್ಲಿ ಬಟ್ಟೆಯ ಗುಡ್ಡ. ಎಲ್ಲರ ಮನೆಯ ಟ್ರಂಕುಗಳೂ ಬಾಯಿ ತೆರೆದಿದ್ದವು. ಒಬ್ಬಳು ತನ್ನ ಮದುವೆಯ ಕುಬುಸ ತಂದಳು. ತೋಳು ನೋಡಿದರೆ ಕಡ್ಡಿಯಷ್ಟು. "ಯವ್ವಾ, ಇದರಾಗ ನೀ ಹಿಡಿಸ್ತಿದ್ದೇನ?" ಎಂದು ಎಲ್ಲರೂ ಅದನ್ನು ಆಕೆಯ ಈಗಿನ ತೋಳಿಗೆ ಹಿಡಿದು ನೋಡಿದರು. ಇನ್ನೊಬ್ಬಳು ಗಂಡನ ಹೊಸ ಲುಂಗಿಯನ್ನೇ ಕತ್ತರಿಸಿಕೊಂಡು ಬಂದಿದ್ದಳು. ಬಣ್ಣ ಚಲೋ ಇತ್ತಂತೆ. ಮಾರನೆಯ ದಿನ ಆ ಪುಣ್ಯಾತ್ಮ ಬಾಗಿಲಲ್ಲಿ ನಿಂತು, ಗುಡ್ಡದಲ್ಲಿ ತನ್ನ ಲುಂಗಿಯ ತುಂಡನ್ನು ಗುರುತು ಹಿಡಿದು, ಏನೂ ಮಾತಾಡದೆ ವಾಪಸ್ಸು ಹೋದ. ಮಸಗುಪ್ಪಿಯಿಂದ ನೋಡಲು ಬಂದ ಹೆಂಗಸರು ಚಹಾ ಕುಡಿದು, ಹೊಲಿಗೆಗೆ ಹೆಸರಿಟ್ಟು, ಆಮೇಲೆ ತಾವೂ ಒಂದೊಂದು ಸಾಲು ಹಾಕಿ ಹೋದರು.

ನಾನು ವಾರಕ್ಕೆರಡು ಸಲ ಗೋಕಾಕದಿಂದ ಹೋಗಿ ತಪಾಸಣೆ ಮಾಡುತ್ತಿದ್ದೆ. ಬಟ್ಟೆ ಮೂರು ಸಲ ಒಗೆದಿರಬೇಕು, ಕಲೆ ಇರಬಾರದು, ವಾಸನೆ ಇರಬಾರದು. ಸ್ಕೇಲನ್ನು ಮಾತ್ರ ಮೊದಲ ದಿನವೇ ಅತ್ತೆ ಕಸಿದುಕೊಂಡು ಬಾಗಿಲ ಹಿಂದೆ ಇಟ್ಟಿದ್ದರು. ಹನ್ನೆರಡನೆಯವಳು ಮಗಳ ಬಾಣಂತನಕ್ಕೆ ಹೋಗಿಬಿಟ್ಟಳು. ಅವಳ ಪಾಲಿನ ಕೌದಿಯನ್ನು ನಾನೇ ಹೊಲಿಯುತ್ತೇನೆ ಎಂದು ಜಂಬದಿಂದ ಒಪ್ಪಿಕೊಂಡೆ. ಗೋಕಾಕದ ಖೋಲಿಯಲ್ಲಿ ಸೀಮೆಸುಣ್ಣದಿಂದ ಗೆರೆ ಎಳೆದು, ಸಾಲಿನಿಂದ ಸಾಲಿಗೆ ಅರ್ಧ ಇಂಚಿನಂತೆ, ನೋಡಿದವರು ಬೆರಗಾಗಬೇಕು ಹಾಗೆ ಹೊಲಿದೆ. ಹೊಲಿಗೆ ಎಂದರೆ ಏನು ಎಂಬುದನ್ನು ಇವರಿಗೆಲ್ಲ ತೋರಿಸಿಕೊಡುವ ಆಸೆ ನನಗೆ.

ಜಗಳ ಹತ್ತಿದ್ದು ಕೊನೆಯ ವಾರ, ಕೌದಿಯ ಹೊಟ್ಟೆಯ ವಿಷಯದಲ್ಲಿ.

ನಮ್ಮ ಕಡೆ ಕೌದಿಯನ್ನು ಅಂಚಿನಿಂದ ಹೊಲಿಯುತ್ತ, ಸುತ್ತು ಸುತ್ತಿ ನಡುವಿಗೆ ಬರುತ್ತಾರೆ. ನಟ್ಟನಡುವೆ ಅಂಗೈ ಅಗಲದ ಜಾಗ ಉಳಿಯುತ್ತದೆ. ಅದೇ ಕೌದಿಯ ಹೊಟ್ಟೆ. ಅದನ್ನು ಮುಚ್ಚುವ ಮೊದಲು, ಹೊಲಿದವಳು ತನ್ನ ಕೈಯಿಂದ ಒಂದು ಚೂರು ರೊಟ್ಟಿಯನ್ನು ಒಳಗೆ ಇಡಬೇಕು. ಕೌದಿಯ ಹೊಟ್ಟೆ ತುಂಬಿದ್ದರೆ ಅದನ್ನು ಹೊದ್ದವರ ಹೊಟ್ಟೆಯೂ ತುಂಬಿರುತ್ತದೆ ಎಂಬ ನಂಬಿಕೆ. ನಮ್ಮ ಮನೆಯ ಪ್ರತಿಯೊಂದು ಕೌದಿಯಲ್ಲೂ ಒಂದು ಚೂರು ರೊಟ್ಟಿ ಇದೆ. ಅದರ ಮೇಲೇ ಇಷ್ಟು ವರ್ಷ ಮಲಗಿದ್ದೇವೆ.

ಆದರೆ ಕಾಗದದಲ್ಲಿ ಸ್ಪಷ್ಟವಾಗಿ ಬರೆದಿತ್ತು, ಒಳಗೆ ಬಟ್ಟೆಯ ಹೊರತು ಬೇರೇನೂ ಇರಬಾರದು. ನಾನು ಅದನ್ನು ಎಲ್ಲರೆದುರು ಗಟ್ಟಿಯಾಗಿ ಓದಿದೆ.

"ಹಸಿದ ಕೌದಿ ಮನಿ ಬಿಟ್ಟು ಹೋಗಬಾರದು" ಅಂದರು ಅತ್ತೆ, ಸೂಜಿಯಿಂದ ಕಣ್ಣೆತ್ತದೆ.

"ಅತ್ತೀ, ಇದು ಮನಿ ಕೌದಿ ಅಲ್ಲರಿ. ಮಾರೂ ಕೌದಿ."

"ಮಾರಿದ್ರ ಅದರ ಹೊಟ್ಟಿ ಎಲ್ಲಿ ಹೋಕ್ಕೈತಿ?"

"ಕಾಗದದಾಗ ಬ್ಯಾಡ ಅಂತ ಬರದಾರ್ರಿ!"

"ಬರದಾಕಿ ಕೌದಿ ಹೊಲದಾಳೇನು?"

ನನಗೆ ತಲೆ ಕೆಟ್ಟುಹೋಯಿತು. ಒಂದೇ ಒಂದು ಚೂರು ರೊಟ್ಟಿ ಸಿಕ್ಕರೂ ಎಲ್ಲಾ ಕೌದಿಗಳನ್ನು ಬಿಚ್ಚಿಸುತ್ತೇನೆ, ಈ ಊರಿನ ಕಡೆ ಮತ್ತೆ ತಲೆ ಹಾಕುವುದಿಲ್ಲ ಎಂದು ಬಾಯಿಗೆ ಬಂದಂತೆ ಕೂಗಾಡಿದೆ. ಬಾಜೂ ಮನೆಯಾಕೆಯ ಮುಖ ಸಣ್ಣದಾಯಿತು. "ಆತ್ರಿ ಅಕ್ಕೋರ, ಸಿಟ್ಟಾಗಬ್ಯಾಡ್ರಿ. ರೊಟ್ಟಿ ಹಾಕೂದಿಲ್ಲ" ಎಂದು ಎಲ್ಲರ ಪರವಾಗಿ ಒಪ್ಪಿಕೊಂಡಳು. ಉಳಿದವರೂ ತಲೆ ಅಲ್ಲಾಡಿಸಿದರು. ಅತ್ತೆ ಮಾತ್ರ ಏನೂ ಅನ್ನಲಿಲ್ಲ. ಅವರು ಸುಮ್ಮನಾದಾಗ ಹುಷಾರಾಗಿರಬೇಕು ಎಂಬುದು ಮೂವತ್ತು ವರ್ಷದ ಮೇಲೂ ನನಗೆ ಹೊಳೆಯಲಿಲ್ಲ ನೋಡಿ! ಹೊಟ್ಟೆ ಮುಚ್ಚಿ ಮುಗಿಸಿ ಎಂದು ಹೇಳಿ, ಪ್ಯಾಕ್ ಮಾಡುವ ಚೀಲ ತರಲು ಗೋಕಾಕಕ್ಕೆ ಬಂದೆ. ಮಾರನೆಯ ದಿನ ಟೆಂಪೋದಲ್ಲಿ ಹನ್ನೊಂದು ಕೌದಿಗಳು ನನ್ನ ಖೋಲಿಗೆ ಬಂದವು. ಗೋಡೆಗೆ ಹೊಂದಿಸಿ ಪೇರಿಸಿ, ಎಲ್ಲರಿಗೂ ಕಾಣಲಿ ಎಂದು ನನ್ನದನ್ನು ಪಕ್ಕದ ಮೇಜಿನ ಮೇಲೆ ಬೇರೆಯಾಗಿ ಇಟ್ಟೆ.

ಕೌದಿ ಕೇಳಿದ್ದ ಆ ಮೇಡಂ ಬರುವುದು ಎರಡು ದಿನ ಬಿಟ್ಟು, ಮಧ್ಯಾಹ್ನಕ್ಕೆ. ಅಂದು ಬೆಳಿಗ್ಗೆ ಚಹಾ ಕೂಡ ಕುಡಿಯದೆ, ಏಳು ಗಂಟೆಗೇ ಖೋಲಿಯ ಬೀಗ ತೆಗೆದೆ. ಕಿಟಕಿಯಿಂದ ಗೋಡೆಯ ಮೇಲೆ, ಗೋಡೆಯಿಂದ ಕೌದಿಗಳ ಮೇಲೆ ಒಂದು ಕಪ್ಪು ದಾರ ಇಳಿಬಿದ್ದಂತೆ ಕಂಡಿತು. ಯಾರು ದಾರ ಚೆಲ್ಲಿದ್ದು ಎಂದು ಬೈಯುತ್ತ ಹತ್ತಿರ ಹೋದರೆ ದಾರ ನಡೆಯುತ್ತಿತ್ತು. ಇರುವೆ!

ಮೊದಲನೆಯದನ್ನು ಎಳೆದು ಬಿಡಿಸಿದೆ. ನಟ್ಟನಡುವೆ ಇರುವೆಗಳ ಸಂತೆ. ಎರಡನೆಯದು, ಮೂರನೆಯದು, ಹನ್ನೊಂದೂ ಹಾಗೆಯೇ. ಹೊಟ್ಟೆಯ ಮೇಲೆ ಅಂಗೈ ಇಟ್ಟು ಒತ್ತಿದೆ, ಒಳಗೆ ಮೆತ್ತಗೆ ಏನೋ ಸಿಕ್ಕಿತು. ಮೂಗು ಹತ್ತಿರ ಒಯ್ದರೆ ಯಾಲಕ್ಕಿ, ಬೆಲ್ಲ, ತುಪ್ಪದ ಘಮ. ರೊಟ್ಟಿಯಲ್ಲ, ಹೋಳಿಗೆ! ನನ್ನ ಕೌದಿಯೊಂದರ ಮೇಲೆ ಒಂದೇ ಒಂದು ಇರುವೆ ಇರಲಿಲ್ಲ.

ಫೋನಿನಲ್ಲಿ ನಾನು ಏನೇನು ಅಂದೆನೋ ನೆನಪಿಲ್ಲ. ಕೆಳಗಿನ ಕಿರಾಣಿ ಅಂಗಡಿಯವರು ಮೇಲೆ ಬಂದು ಏನಾಯಿತು ಎಂದು ನೋಡಿ ಹೋದರು. ಒಂಬತ್ತೂವರೆಗೆ ಎರಡು ಆಟೋದಲ್ಲಿ ಇಡೀ ದಂಡು ಬಂದಿಳಿಯಿತು. ಮುಂದೆ ಅತ್ತೆ, ಕೈಯಲ್ಲಿ ಚೀಲ. ಎಲ್ಲರಿಗಿಂತ ಕೊನೆಗೆ ಬಾಜೂ ಮನೆಯಾಕೆ, ಗೋಡೆ ಹಿಡಿದು ಒಂದೊಂದೇ ಮೆಟ್ಟಿಲು ಹತ್ತುತ್ತ.

"ಅತ್ತೀ, ಏನ್ರಿ ಇದು?" ಎಂದು ಕೂಗಿದೆ.

ಅತ್ತೆ ಬಗ್ಗಿ ಇರುವೆಗಳನ್ನು ನೋಡಿದರು. "ಇಷ್ಟ ಇರವಿ ಬಂದಾವ ಅಂದ್ರ ಹೂರಣ ಚಲೋ ಆಗೇತಿ" ಅಂದರು.

"ರೊಟ್ಟಿ ಹಾಕೂದಿಲ್ಲ ಅಂತ ಮಾತು ಕೊಟ್ಟಿದ್ರಿ!"

"ಹಾಕಿಲ್ಲಲ್ಲ!" ಅಂದಿತು ಹಿಂದಿನಿಂದ ಒಂದು ಧ್ವನಿ. ಯಾರೋ ಕಿಸಕ್ಕನೆ ನಕ್ಕು ಬಾಯಿಗೆ ಸೆರಗು ಹಿಡಿದರು.

ಬಾಜೂ ಮನೆಯಾಕೆ ಏದುಸಿರು ಬಿಡುತ್ತ ಬಾಗಿಲಲ್ಲೇ ಕೂತು ಹೇಳಿದಳು: "ತಪ್ಪಾತ್ರಿ ಅಕ್ಕೋರ. ಮನಿ ಕೌದಿಗಿ ನಾವು ಖಡಕ್ ರೊಟ್ಟಿ ಚೂರ ಹಾಕೂದು. ಅದಕ್ಕ ಇರವಿ ಬರೂದಿಲ್ಲ, ಏನೂ ಬರೂದಿಲ್ಲ. ಆದ್ರ ಇವು ಪರಊರಿಗಿ ಹೊಂಟಾವು. ಯಾರ ಮನಿಗಿ ಹೋಕ್ಕಾವೋ ಏನೋ. ನಮ್ಮ ಊರಿಂದ ಮೊದಲನೇ ಸರತಿ ಹೋಗೂವಾಗ ಒಣಾ ರೊಟ್ಟಿ ಕೊಟ್ಟು ಕಳಿಸಿದ್ರ ನೋಡಿದವರು ಏನಂದಾರು? ಅದಕ್ಕ ಎಲ್ಲಾರೂ ಕೂಡಿ ಹೋಳಗಿ ಮಾಡಿದ್ವಿ."

ಒಳಗೆ ಹೊಲಿದು ಮುಚ್ಚಿದ್ದನ್ನು ಯಾರು ನೋಡುತ್ತಾರೆ ಎಂದು ಕೇಳಬೇಕೆಂದಿದ್ದೆ. ಯಾರೂ ಎಂದಿಗೂ ನೋಡದ ಜಾಗಕ್ಕೆ ಒಣ ರೊಟ್ಟಿ ಇಡಲು ಇವರಿಗೆ ನಾಚಿಕೆಯಾಗಿತ್ತು! ನನಗೆ ಅವರನ್ನು ಹೊಡೆಯಬೇಕೆನಿಸಿತು, ಅಪ್ಪಿಕೊಳ್ಳಬೇಕೆನಿಸಿತು. ಎರಡೂ ಮಾಡದೆ, "ಬಿಚ್ಚರಿ!" ಎಂದು ಚೀರಿದೆ.

ಅಂಗಡಿಯ ಮಾಳಿಗೆಯ ಮೇಲೆ ಬಿಸಿಲಲ್ಲಿ ಕೌದಿ ಹರವಿ, ಹೊಟ್ಟೆಗಳನ್ನು ಬಿಚ್ಚಿ, ಹೋಳಿಗೆ ತೆಗೆದು ಒಂದು ಕಡೆ ಗುಡ್ಡೆ ಹಾಕಿ, ಕೋಲಿನಿಂದ ಬಡಿದು ಬಡಿದು ಇರುವೆ ಓಡಿಸಿದೆವು. ಕಾಗೆಗಳಿಗೆ ಹಬ್ಬವೋ ಹಬ್ಬ. ಕೊನೆಯ ಕೌದಿ ಝಾಡಿಸುತ್ತಿರುವಾಗ ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದಾಯಿತು. ಮೇಡಂ ಒಂದು ಗಂಟೆ ಮೊದಲೇ ಬಂದುಬಿಟ್ಟಿದ್ದರು.

ಗುಡ್ಡೆ ಹಾಕಿದ ಹೋಳಿಗೆ, ಕಾಗೆಗಳು, ಹನ್ನೊಂದು ಕೌದಿಗಳ ತೆರೆದ ಹೊಟ್ಟೆ ಎಲ್ಲವನ್ನೂ ನೋಡಿ, "ಏನಿದು?" ಎಂದು ಕೇಳಿದರು. ಏನಾದರೊಂದು ಸುಳ್ಳು ಹೇಳೋಣವೆಂದು ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಇದ್ದದ್ದನ್ನು ಇದ್ದಂತೆ ಹೇಳಿಬಿಟ್ಟರು. ಹೊಟ್ಟೆಯ ಪದ್ಧತಿ, ಖಡಕ್ ರೊಟ್ಟಿ, ಹೋಳಿಗೆ, ಇರುವೆ, ಒಂದನ್ನೂ ಬಿಡಲಿಲ್ಲ. "ಹೋಳಗಿ ಹಾಕಿದ್ದು ನಮ್ಮ ತಪ್ಪು. ಈಗ ರೊಟ್ಟಿ ಚೂರ ಹಾಕಿ ಮುಚ್ಚಿ ಕೊಡ್ತೇವಿ" ಎಂದು ಮುಗಿಸಿದರು.

ಮೇಡಂ ಒಳ್ಳೆಯವರು. ನಗಲಿಲ್ಲ, ಬೈಯಲಿಲ್ಲ. ಆದರೆ ತಲೆ ಅಲ್ಲಾಡಿಸಿದರು. "ಅಮ್ಮಾ, ನನಗೆ ಅರ್ಥವಾಗುತ್ತೆ. ಆದ್ರೆ ಒಳಗೆ ತಿನ್ನೋ ಪದಾರ್ಥ ಇದ್ರೆ ಮಳಿಗೆಯವರು ತಗೊಳ್ಳಲ್ಲ. ರೊಟ್ಟೀನೂ ಆಗಲ್ಲ, ಒಂದು ಕಾಳು ಅಕ್ಕೀನೂ ಆಗಲ್ಲ. ಖಾಲಿ ಮುಚ್ಚಿ ಕೊಟ್ರೆ ಈಗಲೇ ತಗೊಂಡು ಹೋಗ್ತೀನಿ."

"ಹಸಿದ ಕೌದಿ ನಾ ಕೊಡೂದಿಲ್ಲರಿ" ಅಂದರು ಅತ್ತೆ.

"ಹಾಗಾದ್ರೆ ನಾನು ತಗೊಳ್ಳೋದಕ್ಕೆ ಆಗಲ್ಲಮ್ಮ."

"ಬ್ಯಾಡ ಬಿಡ್ರಿ."

ಬಾಜೂ ಮನೆಯಾಕೆ ತನ್ನ ಕೌದಿಯನ್ನು ಮಡಚಲು ಶುರುಮಾಡಿದಳು, ಅತ್ತೆಗೆ ಎದುರಾಡದೆ, ಯಾರ ಮುಖವನ್ನೂ ನೋಡದೆ. ಮಡಚಿ ತೊಡೆಯ ಮೇಲಿಟ್ಟುಕೊಂಡು ಅದರ ಮೇಲೆ ಕೈ ಆಡಿಸುತ್ತಿದ್ದಳು. ಅದನ್ನು ನೋಡಿ ನನಗೆ ಮೈಯೆಲ್ಲ ಉರಿಯಿತು. ಸಿಟ್ಟು ಬಂದಾಗ ನನ್ನ ಬಾಯಿ ನನಗಿಂತ ಮುಂದೆ ಓಡುತ್ತದೆ. ಅಂದು ಒಂದು ದಿನವಾದರೂ ಅದು ಸರಿಯಾದ ದಾರಿಯಲ್ಲಿ ಓಡಿತು.

"ಅತ್ತೀ, ನಾ ಹುಕ್ಕೇರಿಯಿಂದ ನಿಮ್ಮ ಮನಿಗಿ ಬಂದ ದಿನ ಹೊಟ್ಟಿ ತುಂಬಿಸಿಕೊಂಡು ಬಂದಿದ್ನಿಲ್ಲ? ಮೂವತ್ತ ವರ್ಷ ಆತು, ಇನ್ನೂ ಆಡ್ತೀರಿ! ಈಗ ನೀವ ಇವನ್ನೆಲ್ಲಾ ಹಂಗ ಕಳಸಾಕತ್ತೀರಲ್ಲ? ಹೋದ ಮನಿಯವರು ಪ್ರೀತಿಲೆ ಒಂದ ತುತ್ತು ಕೊಡಾಕ ಬಂದ್ರ ಇವು ಏನನ್ಬೇಕು? ಒಲ್ಲೆ, ಉಂಡು ಬಂದೇವಿ ಅನ್ಬೇಕೇನು? ಹೇಳ್ರಿ! ಅಲ್ಲಿ ಯಾರೋ ಒಬ್ಬಾಕಿ ನಿಮ್ಮಂಗ ತಾಟ ಹಿಡಕೊಂಡು ನಿಂದ್ರಬೇಕೇನು?"

ಅತ್ತೆ ನನ್ನನ್ನೇ ನೋಡಿದರು. ಆಮೇಲೆ ಅವರ ತುಟಿಯ ತುದಿ ಅಲುಗಿತು. "ನೋಡ್ರೆವ್ವಾ, ನನ್ನ ಮಾತು ನನಗ ತಿರುಗಿಸಿ ಹೊಡದ್ಲು" ಎಂದು ಎಲ್ಲರಿಗೂ ಹೇಳಿ, ಬೊಚ್ಚು ಬಾಯಿ ಬಿಟ್ಟು ನಗತೊಡಗಿದರು. ನಕ್ಕು ಮುಗಿಸಿ, ಕಣ್ಣೊರೆಸಿಕೊಂಡು, "ಖರೆ ಐತಿ. ಮೊದಲನೇ ತುತ್ತು ಕೊಡೂ ಹಕ್ಕು ಹೋದ ಮನಿಯವರದು. ನಾವು ಕಸಗೋಬಾರದು" ಅಂದರು.

ಉಳಿದದ್ದೆಲ್ಲ ಸರಸರನೆ ಆಯಿತು. ಹೊಟ್ಟೆಯನ್ನು ಮುಚ್ಚುವುದು ಬೇಡ, ತೆರೆದೇ ಇರಲಿ. ಅಂಚನ್ನು ಮಾತ್ರ ಒಳಗೆ ಮಡಚಿ ಹೊಲಿಯುವುದು. ಒಂದು ಸೂಜಿ, ಒಂದು ಮೊಳ ದಾರವನ್ನು ಸಣ್ಣ ಚೀಲದಲ್ಲಿ ಹಾಕಿ ಮೂಲೆಗೆ ಕಟ್ಟುವುದು. ಕೊಂಡವರು ತಮ್ಮ ಮನೆಯ ಒಣ ರೊಟ್ಟಿಯದೊಂದು ಚೂರನ್ನು ತಮ್ಮ ಕೈಯಿಂದ ಇಟ್ಟು ಹೊಲಿದುಕೊಳ್ಳುವುದು. ಒಲ್ಲದವರು ಖಾಲಿಯೇ ಮುಚ್ಚಿಕೊಳ್ಳಲಿ, ಅದು ಅವರವರ ಮನೆಯ ವಿಚಾರ. ಮೇಡಂ ಕಣ್ಣರಳಿಸಿ, "ಇದನ್ನ ಒಂದು ಚೀಟಿಯಲ್ಲಿ ಬರೆದು ಪ್ರತಿಯೊಂದಕ್ಕೂ ಹಚ್ಚಿ. ನಿಮ್ಮ ಊರಿನ ಹೆಸರೂ ಬರೀರಿ" ಅಂದರು. ಅಲ್ಲೇ ಬಿಸಿಲಲ್ಲಿ ಕೂತು ನಾನೇ ಬರೆದೆ. "ತುಕ್ಕಾನಟ್ಟಿಯಿಂದ ಹಸಿದುಕೊಂಡು ಬಂದಿದ್ದೇನೆ. ಮೊದಲ ತುತ್ತು ನಿಮ್ಮದು." ಹನ್ನೆರಡು ಚೀಟಿ.

ಹನ್ನೊಂದೇ ಸಾಕಾದವು. ಮೇಡಂ ಹನ್ನೊಂದು ಕೌದಿಗಳನ್ನೂ ತಿರುವಿ ನೋಡಿ ಆರಿಸಿಟ್ಟರು. ನನ್ನದನ್ನು ಕೈಗೆತ್ತಿಕೊಂಡು, ಬೆಳಕಿಗೆ ಹಿಡಿದು, "ಇದು ಮಷಿನ್ ಹೊಲಿಗೆ ಅಲ್ವಾ? ನಮಗೆ ಕೈಹೊಲಿಗೇನೇ ಬೇಕು" ಎಂದು ಪಕ್ಕಕ್ಕಿಟ್ಟರು. ಕೈಯಲ್ಲೇ ಹೊಲಿದದ್ದು ಎಂದು ನಾನು ಪ್ರಮಾಣ ಮಾಡಿದೆ. ಹನ್ನೊಂದು ಮಂದಿ ಸಾಕ್ಷಿ ಹೇಳಿದರು, ಹೊಟ್ಟೆ ಹಿಡಿದುಕೊಂಡು ನಗುತ್ತಲೇ. ಏನು ಮಾಡಿದರೂ ಮೇಡಂ ಒಪ್ಪಲಿಲ್ಲ. "ಕೈಯದೇ ಇರಬಹುದು, ಆದ್ರೆ ನೋಡೋರಿಗೆ ಹಾಗೆ ಕಾಣಲ್ಲ. ಪರವಾಗಿಲ್ಲ, ಇದರ ಬದಲು ಬೇರೆ ಒಂದನ್ನ ಮುಂದಿನ ತಿಂಗಳ ಹನ್ನೆರಡರ ಜೊತೆ ಸೇರಿಸಿ ಕೊಡಿ" ಅಂದರು.

ನಗು ಥಟ್ಟನೆ ನಿಂತಿತು. ಬಾಜೂ ಮನೆಯಾಕೆ ನನ್ನ ಸೆರಗು ಜಗ್ಗಿದಳು. "ಅಕ್ಕೋರ, ಮುಂದಿನ ತಿಂಗಳ ಅಂದ್ರೇನ್ರಿ ಅವರು? ಮುಂದಿನ ತಿಂಗಳದ್ದೂ ನಾವ ಹೊಲಿಯೂದೇನ್ರಿ?"

"ಹೂಂ. ನೀವ."

"ಅದರ ಮುಂದಿನದೂ?"

"ಅದರ ಮುಂದಿನದೂ!"

ಆಕೆ ಎದ್ದು ನಿಲ್ಲಲು ಹೋದಳು, ಮೊಣಕಾಲು ಏಳಗೊಡಲಿಲ್ಲ. ಕೂತಲ್ಲೇ ನನ್ನ ಕೈ ಹಿಡಿದು ಎರಡೂ ಕಣ್ಣಿಗೆ ಒತ್ತಿಕೊಂಡಳು. ನನ್ನ ಅಂಗೈ ಒದ್ದೆಯಾಯಿತು. ಆಮೇಲೆ ಮೂಗೊರೆಸಿಕೊಂಡು, "ಹಂಗಾದ್ರ ಬಟ್ಟಿ ಒಗಿಯಾಕ ಈಗ ಹೋಗೂಣ ನಡ್ರಿ" ಎಂದು ಎಲ್ಲರನ್ನೂ ಅವಸರಿಸಿದಳು.

ಈಗ ಆ ಭವನದಲ್ಲಿ ತುಕ್ಕಾನಟ್ಟಿಯವರ ಜೊತೆ ಮಸಗುಪ್ಪಿಯವರೂ ಕೂರುತ್ತಾರೆ. ಹುಕ್ಕೇರಿಯ ನನ್ನ ತವರಿನ ಓಣಿಯ ಹೆಂಗಸರೂ ಶುರುಮಾಡಿದ್ದಾರೆ. ಅವರ ಕೌದಿಯನ್ನು ನೋಡಿ ಅತ್ತೆ "ನಿಮ್ಮ ಮಂದಿಗಿ ಅವಸರ ಭಾಳ" ಅನ್ನುತ್ತಾರೆ. ಕೊಂಡವರು ಹೊಟ್ಟೆ ತುಂಬಿಸಿದ ಫೋಟೋ ತೆಗೆದು ಮೇಡಂಗೆ ಕಳಿಸುತ್ತಾರೆ, ಮೇಡಂ ನನ್ನ ಫೋನಿಗೆ. ಒಬ್ಬರು ಚಪಾತಿ ಇಟ್ಟಿದ್ದರು, ಒಬ್ಬರು ಅವಲಕ್ಕಿ. ಒಂದು ಮನೆಯಲ್ಲಿ ಅಜ್ಜ ಒಂದು ಬಿಸ್ಕೀಟು ಇಟ್ಟು ತಾವೇ ಹೊಲಿಯುತ್ತಿದ್ದರು. ಬಿಸ್ಕೀಟು ನೋಡಿ ಅತ್ತೆಗೆ ಎರಡು ದಿನ ಸಮಾಧಾನವಿರಲಿಲ್ಲ. ಬಾಜೂ ಮನೆಯಾಕೆ ಮಾತ್ರ ಪ್ರತಿಯೊಂದು ಫೋಟೋವನ್ನೂ ದೊಡ್ಡದು ಮಾಡಿಸಿ ನೋಡಿ, "ಇದು ನಂದು, ಇದು ನಂದು" ಎಂದು ಹೊಲಿಗೆಯ ಗುರುತು ಹಿಡಿಯುತ್ತಾಳೆ. ಮನೆಗೆ ಹೋಗಿ ಗಟ್ಟಿಯಾಗಿ ಎರಡು ರೊಟ್ಟಿ ಉಣ್ಣುತ್ತಾಳಂತೆ.

ಅಂದಿನ ಸಂಜೆಯದು ಒಂದು ಉಳಿದಿದೆ. ಮೇಡಂ ಹೋದರು, ಆಟೋಗಳು ಹೋದವು. ಅತ್ತೆ ಗೋಕಾಕದ ಮನೆಯಲ್ಲೇ ಉಳಿದರು. ಆರಿಸದೆ ಬಿಟ್ಟುಹೋದ ನನ್ನ ಕೌದಿಯನ್ನು ಮೂಲೆಗೆ ಎಸೆದು, ಮುಖ ಊದಿಸಿಕೊಂಡು ಅಡುಗೆಮನೆಯಲ್ಲಿ ಕೂತಿದ್ದೆ. ಅತ್ತೆ ಅದನ್ನು ಎತ್ತಿಕೊಂಡು ಬಂದು ನನ್ನ ಮುಂದೆ ಹಾಸಿದರು.

"ಸೂಜಿ ತಗೊ. ಇದರ ಹೊಟ್ಟಿ ಬಿಚ್ಚು."

"ಇದನ್ನ ಅವರು ಒಲ್ಲೆ ಅಂದಾರ್ರಿ ಅತ್ತೀ. ಬಿಡ್ರಿ."

"ಇದರ ಹೊಟ್ಟಿ ಖಾಲಿನ ಮುಚ್ಚೀದಿ, ಯಾರು ತಗೋತಾರ? ಹೊಲದಾಕಿ ಕೈಲೇ ತುಂಬಬೇಕು. ಅದಕ್ಕ ನಾ ಇದನ್ನ ಮುಟ್ಟಿಲ್ಲ. ಬಿಚ್ಚು."

ಬಿಚ್ಚಿದೆ. ಅತ್ತೆ ಡಬ್ಬಿಯಿಂದ ಒಂದು ಚೂರು ಖಡಕ್ ರೊಟ್ಟಿ ಮುರಿದು ಕೊಟ್ಟರು. ಒಳಗಿಟ್ಟು, ಕಣ್ಣಳತೆಯಲ್ಲೇ, ಸೊಟ್ಟಸೊಟ್ಟವಾಗಿ ಹೊಲಿದು ಮುಚ್ಚಿದೆ. ಅತ್ತೆ ಹೊಲಿಗೆಯ ಮೇಲೆ ಕೈಯಾಡಿಸಿ "ಈಗ ಕೌದಿ ಆತು" ಅಂದರು. ಅದನ್ನು ನನ್ನ ಹೆಗಲಿಗೆ ಹಾಕಿ, ತಮ್ಮ ಚೀಲಕ್ಕೆ ಕೈ ಹಾಕಿದರು. ಒಂದು ಹೋಳಿಗೆ ಉಳಿಸಿಕೊಂಡು ಬಂದಿದ್ದರು, ಬಿಳಿ ಅರಿವೆಯಲ್ಲಿ ಸುತ್ತಿ. ಅದಕ್ಕೆ ತುಪ್ಪ ಸವರಿ, ಒಂದು ತುತ್ತು ಮುರಿದು ನನ್ನ ಬಾಯಿಯ ಹತ್ತಿರ ತಂದು ಹಿಡಿದರು.

"ಈ ಸರತಿ ಒಲ್ಲೆ ಅನಬ್ಯಾಡವ್ವಾ" ಅಂದರು.

ಬೆಳಿಗ್ಗೆಯಿಂದ ನಾನು ಏನೂ ತಿಂದಿರಲಿಲ್ಲ. ಬಾಯಿ ತೆರೆದೆ.